ಕೀಬೋರ್ಡಿಗೆ ಅಕ್ಷರ ಗೊತ್ತಿಲ್ಲ

ಆಟಿ ತಿಂಗಳು. ಉಡುಪಿಯಲ್ಲಿ ಮೂರು ದಿನದಿಂದ ಬಿಡದ ಮಳೆ. ನಮ್ಮೂರ ತಾಳಮದ್ದಳೆಯ ಕರಪತ್ರ ಟೈಪ್ ಮಾಡಲು ಕೂತಿದ್ದೆ. ‘ಯಕ್ಷಗಾನ’ ಎಂದು ಹೊಡೆದರೆ ಪರದೆಯಲ್ಲಿ ‘ಯ್ಷಗಾನ’ ಬಂತು. ಮತ್ತೆ ಹೊಡೆದೆ, ಮತ್ತೆ ಅದೇ. ಒಂದೊಂದೇ ಕೀ ಒತ್ತಿ ನೋಡಿದೆ. ‘ಕ’ ಬರುವ ಕೆ ಕೀ ಸತ್ತಿತ್ತು. ಜೊತೆಗೆ ಐ, 8 ಮತ್ತು ಕಾಮಾ ಕೂಡ. ಉಳಿದದ್ದೆಲ್ಲ ಸರಿಯಾಗಿಯೇ ಇತ್ತು.

ನಿಮ್ಮ ಕೀಬೋರ್ಡ್ ಒಮ್ಮೆ ನೋಡಿ. 8, ಅದರ ಕೆಳಗೆ ಐ, ಆಮೇಲೆ ಕೆ, ಆಮೇಲೆ ಕಾಮಾ. ಸ್ವಲ್ಪ ಓರೆಯಾದ ಒಂದೇ ಸಾಲು, ಅಲ್ವಾ?

ಸ್ಕ್ರೂ ಬಿಚ್ಚಿದೆ. ಕೀಗಳ ಅಡಿಯಲ್ಲಿ ರಬ್ಬರಿನ ಪುಟ್ಟ ಟೋಪಿಗಳು. ಅವುಗಳ ಕೆಳಗೆ ಮೂರು ತೆಳು ಪ್ಲಾಸ್ಟಿಕ್ ಹಾಳೆ. ಮೇಲಿನ ಹಾಳೆಯಲ್ಲೂ ಕೆಳಗಿನ ಹಾಳೆಯಲ್ಲೂ ಕರೆಂಟ್ ಹರಿಯುವ ಗೆರೆಗಳು ಅಚ್ಚಾಗಿವೆ. ನಡುವಿನ ಹಾಳೆಯಲ್ಲಿ ಬರೀ ತೂತುಗಳು. ಕೀ ಒತ್ತಿದಾಗ ತೂತಿನೊಳಗಿಂದ ಮೇಲಿನ ಗೆರೆ ಕೆಳಗಿನ ಗೆರೆಗೆ ತಾಗುತ್ತದೆ. ಬೆರಳು ಮಾಡುವ ಕೆಲಸ ಅಷ್ಟೇ.

104 ಕೀಗಳಿಗೆ ಒಂದೊಂದು ಬೇರೆ ತಂತಿ ಎಳೆದರೆ ದೊಡ್ಡ ಗೋಜಲು. ಅದಕ್ಕೇ ಗೆರೆಗಳನ್ನು ಮಗ್ಗದ ಹಾಸು ಹೊಕ್ಕಿನ ಹಾಗೆ ಹಾಕಿರುತ್ತಾರೆ. 8 ಅಡ್ಡ ಗೆರೆ, 18 ಉದ್ದ ಗೆರೆ ಇದ್ದರೆ ಒಟ್ಟು 26 ಗೆರೆಯಲ್ಲಿ 144 ಕೂಡುವ ಜಾಗ ಸಿಗುತ್ತದೆ. ಒಳಗಿನ ಚಿಪ್ ಒಂದೊಂದೇ ಗೆರೆಗೆ ಕರೆಂಟ್ ಬಿಟ್ಟು, ಯಾವುದು ಯಾವುದಕ್ಕೆ ತಾಗಿದೆ ಎಂದು ಸೆಕೆಂಡಿಗೆ ನೂರಾರು ಸಲ ನೋಡುತ್ತಲೇ ಇರುತ್ತದೆ. ಇನ್ನೊಂದು ಸೂಕ್ಷ್ಮ ಇದೆ. ಚೆಂಡೆಗೆ ಬಿದ್ದ ಕೋಲು ಪುಟಿಯುವ ಹಾಗೆ, ಒತ್ತಿದ ಗೆರೆಗಳೂ ಕೆಲವು ಮಿಲಿಸೆಕೆಂಡ್ ತಾಗಿ ಬಿಟ್ಟು ತಾಗಿ ಬಿಟ್ಟು ಮಾಡುತ್ತವೆ. ಚಿಪ್ ಅಷ್ಟು ಹೊತ್ತು ಕಾಯುತ್ತದೆ. ಇಲ್ಲದಿದ್ದರೆ ಒಂದು ‘ಕ’ ಒತ್ತಿದರೆ ನಾಲ್ಕು ‘ಕ’ ಬರುತ್ತಿತ್ತು.

ನನ್ನ ಕೀಬೋರ್ಡಿನಲ್ಲಿ ಬೆಳ್ಳಿ ಬಣ್ಣದ ಒಂದು ಗೆರೆ ಒಂದು ಕಡೆ ಕಪ್ಪಾಗಿ ತುಂಡಾಗಿತ್ತು. ನಮ್ಮ ಕಡಲತೀರದ ಗಾಳಿಯಲ್ಲಿ ಪಸೆಯೂ ಇದೆ, ಉಪ್ಪೂ ಇದೆ. ಕಿಟಕಿಯ ಕಬ್ಬಿಣದ ಸರಳನ್ನೇ ತಿನ್ನುವ ಗಾಳಿಗೆ ಕೂದಲಿನಷ್ಟು ತೆಳುವಾದ ಗೆರೆ ಯಾವ ಲೆಕ್ಕ? ಆ ನಾಲ್ಕು ಕೀಗಳೂ ಅದೇ ಗೆರೆಯನ್ನು ನಂಬಿಕೊಂಡಿದ್ದವು.

ಹೊಸ ಕೀಬೋರ್ಡ್ ತಂದೆ. ಕರಪತ್ರ ಮುಂದುವರಿಯಿತು. ಆದರೆ ಆ ದಿನದಿಂದ ಒಂದು ವಿಷಯ ನನ್ನ ಮನಸ್ಸಿನಲ್ಲಿ ಕೂತಿದೆ. ‘ಯಕ್ಷಗಾನ’ದ ‘ಯ’ಕ್ಕೆ ನಾನು ವೈ ಕೀ ಒತ್ತುತ್ತೇನೆ. ಯುಎಸ್‌ಬಿ ಕೀಬೋರ್ಡ್ ಆಗ ಕಂಪ್ಯೂಟರಿಗೆ ಕಳಿಸುವುದು 28 ಎಂಬ ಅಂಕಿ. ಅದು ಕೀಯ ಜಾಗದ ಗುರುತು. ಕೀಯ ಮೇಲಿನ ಅಕ್ಷರ ಅಚ್ಚಾಗಿರುವುದು ನಮ್ಮ ಕಣ್ಣಿಗಾಗಿ. ಕೀಬೋರ್ಡಿಗೆ ಕನ್ನಡವೂ ಗೊತ್ತಿಲ್ಲ, ಇಂಗ್ಲಿಷೂ ಗೊತ್ತಿಲ್ಲ. 28 ಅಂದರೆ ಯಾವ ಅಕ್ಷರ ಎಂದು ತೀರ್ಮಾನಿಸುವುದು ಕಂಪ್ಯೂಟರಿನೊಳಗಿನ ತಂತ್ರಾಂಶ.

ಕನ್ನಡ ಕಂಪ್ಯೂಟರಿನೊಳಗೆ ಬಂದದ್ದು ಈ ಬಾಗಿಲಿನಿಂದಲೇ. ಆ ಬಾಗಿಲನ್ನು ಚೆನ್ನಾಗಿ ಕಂಡವರು ನಮ್ಮ ಕರಾವಳಿಯವರೇ, ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ. ಪಿ. ರಾವ್. ಕನ್ನಡದ ಅಷ್ಟೂ ಅಕ್ಷರಗಳನ್ನು ಅವರು ಇಂಗ್ಲಿಷಿನ 26 ಕೀಗಳಲ್ಲೇ, ಉಚ್ಚಾರಕ್ಕೆ ಹೊಂದುವಂತೆ ಕೂರಿಸಿದರು. ಇಂದು ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶದಲ್ಲಿ ಬೆರಳಾಡಿಸುವ ಹೆಚ್ಚಿನವರು ಆ ವಿನ್ಯಾಸದ ಮೇಲೆಯೇ ಆಡಿಸುತ್ತಾರೆ. ಶಾಲೆಯ ಪುಸ್ತಕದಲ್ಲಿ ಅವರ ಬಗ್ಗೆ ಒಂದು ಪಾಠ ಇರಬೇಕು ಎಂಬುದು ನನ್ನ ಆಸೆ.

‘ಯಕ್ಷಗಾನ’ವನ್ನೇ ನಿಧಾನವಾಗಿ ಹೊಡೆದು ನೋಡಿ. ವೈ ಒತ್ತಿದರೆ ‘ಯ’. ಕೆ ಒತ್ತಿದರೆ ‘ಯಕ’. ಎಫ್ ಒತ್ತಿದ ಕೂಡಲೇ ‘ಕ’ದ ತಲೆಕಟ್ಟು ಹೋಗಿ ‘ಯಕ್’ ಆಗುತ್ತದೆ. ‘ಷ’ದ ಕೀ ಎಕ್ಸ್ ಒತ್ತಿದಾಗ ‘ಕ್’ ಮಾಯ, ಆ ಜಾಗದಲ್ಲಿ ‘ಕ್ಷ’! ಪ್ರತಿ ಅಕ್ಷರಕ್ಕೂ ಒಂದು ಅಂಕಿ ಕೊಡುವ ಯುನಿಕೋಡ್‌ನಲ್ಲಿ ಟೈಪ್ ಮಾಡುತ್ತಿದ್ದರೆ ಈ ‘ಕ್ಷ’ಕ್ಕಾಗಿ ಒಳಗೆ ಉಳಿಯುವುದು 3221, 3277, 3255 ಎಂಬ ಮೂರು ಅಂಕಿ. ‘ಕ’ಕ್ಕೊಂದು, ಅರ್ಧಾಕ್ಷರದ ಗುರುತಿಗೊಂದು, ‘ಷ’ಕ್ಕೊಂದು. ಈ ಮೂರು ಒಟ್ಟಿಗೆ ಬಂದರೆ ಯಾವ ಆಕಾರ ಬರೆಯಬೇಕು ಎಂಬ ನಿಯಮ ಫಾಂಟಿನಲ್ಲಿರುತ್ತದೆ. ಪ್ರತಿ ಕೀ ಒತ್ತಿದಾಗಲೂ ಅಕ್ಷರವನ್ನು ಅಳಿಸಿ ಹೊಸದಾಗಿ ಬರೆಯಬೇಕು. ಇಂಗ್ಲಿಷಿಗೆ ಇಷ್ಟು ಕೆಲಸ ಇಲ್ಲ.

ಆಮೇಲಿನದು ಪರದೆಯ ಪಾಲು. 1920 ಅಡ್ಡ, 1080 ಉದ್ದದ ಪರದೆಯಲ್ಲಿ 20 ಲಕ್ಷಕ್ಕೂ ಜಾಸ್ತಿ ಚುಕ್ಕಿಗಳು. ಒಂದೊಂದರಲ್ಲೂ ಕೆಂಪು, ಹಸಿರು, ನೀಲಿ. ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ ಅಷ್ಟೂ ಚುಕ್ಕಿ ಹೊಸದಾಗುತ್ತವೆ. ಪರದೆಗೂ ‘ಕ್ಷ’ ಗೊತ್ತಿಲ್ಲ, ಯಾವ ಚುಕ್ಕಿ ಎಷ್ಟು ಬೆಳಗಬೇಕು ಎಂಬುದು ಮಾತ್ರ ಗೊತ್ತು.

ಕರಪತ್ರದ ಪ್ರಿಂಟ್ ತೆಗೆಸಲು ರಥಬೀದಿ ಹತ್ತಿರದ ಡಿಟಿಪಿ ಅಂಗಡಿಗೆ ಹೋದೆ. ಮೊದಲ ಹಾಳೆ ಮಸುಕಾಗಿ ಬಂತು. “ಕಾಗದ ಚಂಡಿ ಆಗಿದೆ ಮಾರಾಯ್ರೆ” ಎಂದು ಅಂಗಡಿಯವರು ಒಡೆಯದ ಕಟ್ಟಿನಿಂದ ಬೇರೆ ಹಾಳೆ ತೆಗೆದರು. ಅವರು ಹೇಳಿದ್ದು ಸರಿ. ಲೇಸರ್ ಪ್ರಿಂಟರಿನಲ್ಲಿ ಒಂದು ಉರುಳೆಗೆ ವಿದ್ಯುತ್ ಆವೇಶ ಕೊಡುತ್ತಾರೆ. ಅಕ್ಷರ ಬರಬೇಕಾದ ಕಡೆ ಲೇಸರ್ ಬೆಳಕು ಬಿದ್ದು ಆವೇಶ ಇಳಿಯುತ್ತದೆ. ಟೋನರ್ ಪುಡಿ ಅಲ್ಲಿ ಅಂಟುತ್ತದೆ. ಅದನ್ನು ಉರುಳೆಯಿಂದ ಎಳೆದುಕೊಳ್ಳಲು ಕಾಗದಕ್ಕೂ ಆವೇಶ ಬೇಕು. ಒದ್ದೆ ಕಾಗದದಲ್ಲಿ ಆವೇಶ ನಿಲ್ಲದೆ ಸೋರಿಹೋಗುತ್ತದೆ. ಪುಡಿ ಸರಿಯಾಗಿ ಇಳಿಯುವುದಿಲ್ಲ.

ಕೊನೆಯಲ್ಲಿ ಸುಮಾರು 200 ಡಿಗ್ರಿ ಬಿಸಿಯ ಉರುಳೆಗಳು ಪುಡಿಯನ್ನು ಕರಗಿಸಿ ಕಾಗದಕ್ಕೆ ಒತ್ತುತ್ತವೆ. ಎರಡನೇ ಹಾಳೆ ತುಸು ಬಾಗಿ, ಬಿಸಿಬಿಸಿಯಾಗಿ ಕೈಗೆ ಬಂತು. ‘ಯಕ್ಷಗಾನ ತಾಳಮದ್ದಳೆ’. ‘ಕ’ದ ಕೆಳಗಿನ ಒತ್ತು ಸ್ಪಷ್ಟವಾಗಿ ಮೂಡಿತ್ತು.