ಚೀಟಿ ಎತ್ತಿ ಅಧಿಕಾರ ಹಂಚಿದ ಊರು

ಅಥೆನ್ಸಿನ ಅಗೋರಾ ವಸ್ತುಸಂಗ್ರಹಾಲಯದಲ್ಲಿ ಒಂದು ಒಡೆದ ಕಲ್ಲಿದೆ. ಮೈತುಂಬ ಸಾಲುಸಾಲಾಗಿ ಸಣ್ಣ ಸೀಳುಗಂಡಿಗಳು, ಒಂದೊಂದರಲ್ಲೂ ಹೆಸರು ಕೊರೆದ ಒಂದು ತೆಳು ಪಟ್ಟಿ ತೂರುವಷ್ಟೇ ಜಾಗ. ಕಲ್ಲಿನ ಪಕ್ಕದ ಕೊಳವೆಗೆ ಕಪ್ಪು, ಬಿಳಿ ಗುಂಡುಗಳನ್ನು ಸುರಿದು ಒಂದೊಂದಾಗಿ ಕೆಳಗೆ ಬಿಡುತ್ತಿದ್ದರು. ಬಿಳಿ ಬಿದ್ದರೆ ಆ ಅಡ್ಡಸಾಲಿನಲ್ಲಿ ಹೆಸರಿದ್ದವರೆಲ್ಲ ಅಂದಿನ ನ್ಯಾಯಮಂಡಳಿಗೆ. ಕಪ್ಪು ಬಿದ್ದರೆ ಮನೆಗೆ. ಇದರ ಹೆಸರು ಕ್ಲೆರೊಟೀರಿಯನ್.

ನಮ್ಮಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಇಬ್ಬರಿಗೆ ಸಮ ಮತ ಬಂದರೆ ಮಾತ್ರ ಚೀಟಿ ಎತ್ತುತ್ತಾರೆ. ಬೇರೆ ದಾರಿಯಿಲ್ಲದಾಗಿನ ಕೊನೆಯ ಉಪಾಯ ಅದು. ಪ್ರಾಚೀನ ಗ್ರೀಸಿನ ಅಥೆನ್ಸಿನವರಿಗೆ ಅದೇ ರಾಜಮಾರ್ಗ. ಅಧಿಕಾರಿಗಳನ್ನು ಚೀಟಿಯಿಂದ ಆರಿಸುವುದು ಪ್ರಜಾಪ್ರಭುತ್ವ, ಮತದಿಂದ ಆರಿಸುವುದು ಕೆಲವೇ ಜನರ ಆಳ್ವಿಕೆಯ ಗುಣ ಎಂದು ಅರಿಸ್ಟಾಟಲ್ ಬರೆದಿದ್ದಾನೆ. ಮತ ಬೀಳುವುದು ಹೆಸರಿದ್ದವನಿಗೆ, ಹಣವಿದ್ದವನಿಗೆ, ಮಾತು ಬಲ್ಲವನಿಗೆ. ಗುಂಡಿಗೆ ಅದಾವುದೂ ಗೊತ್ತಿಲ್ಲ.

ಆ ನಂಬಿಕೆ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಮೊದಲು ರಾಜರಿದ್ದರು. ಆಮೇಲೆ ಅಧಿಕಾರ ಹಳೆಯ ಮನೆತನಗಳ ಕೈಗೆ ಹೋಯಿತು: ವರ್ಷಕ್ಕೆ ಆರ್ಕನ್ ಎಂಬ ಒಂಬತ್ತು ಮುಖ್ಯಾಧಿಕಾರಿಗಳು, ಅವಧಿ ಮುಗಿದವರಿಗೆ ಅರಿಯೋಪಗಸ್ ಎಂಬ ಸಭೆಯಲ್ಲಿ ಸಾಯುವತನಕ ಸ್ಥಾನ. ಬಡ ರೈತನ ಪಾಡು ಘೋರವಾಗಿತ್ತು. ಹೊಲದಲ್ಲಿ ಸಾಲದ ಗುರುತಿನ ಕಲ್ಲು ನೆಟ್ಟಿರುತ್ತಿತ್ತು. ತೀರಿಸಲಾಗದವನು ಹೆಂಡತಿ ಮಕ್ಕಳ ಸಮೇತ ಗುಲಾಮನಾಗಬೇಕಿತ್ತು. ಕ್ರಿ.ಪೂ. 594ರಲ್ಲಿ ಆರ್ಕನ್ ಆದ ಸೋಲನ್ ಆ ಕಲ್ಲುಗಳನ್ನು ಕೀಳಿಸಿದ, ಸಾಲ ಮನ್ನಾ ಮಾಡಿದ, ಮನುಷ್ಯನ ಮೈಯನ್ನೇ ಅಡವಿಟ್ಟು ಸಾಲ ಕೊಡುವುದನ್ನು ನಿಲ್ಲಿಸಿದ. ನನ್ನ ಮಟ್ಟಿಗೆ ಅಥೆನ್ಸಿನ ಪ್ರಜಾಪ್ರಭುತ್ವದ ಬೇರು ಇಲ್ಲಿದೆ. ಮೈಯೇ ಒತ್ತೆಯಲ್ಲಿರುವವನು ಸಭೆಯಲ್ಲಿ ಬಾಯಿ ತೆರೆಯುವುದು ಹೇಗೆ? ಆದರೂ ಯಾರಿಗೆ ಯಾವ ಹುದ್ದೆ ಎಂಬುದನ್ನು ಸೋಲನ್ ಆಸ್ತಿಯ ಅಳತೆಗೇ ಬಿಟ್ಟ. ವರ್ಷಕ್ಕೆ 500 ಅಳತೆ ಫಸಲು ಬರುವವರದು ಮೊದಲ ವರ್ಗ; ಕೂಲಿಯವರದು ಕೊನೆಯದು.

ನಡುವೆ ಪಿಸಿಸ್ಟ್ರೇಟಸ್ ಮತ್ತು ಅವನ ಮಕ್ಕಳ ಏಕಾಧಿಪತ್ಯ. ಕ್ರಿ.ಪೂ. 510ರಲ್ಲಿ ಅದು ಕೊನೆಗೊಂಡ ಮೇಲೆ ಕ್ಲೈಸ್ಥನೀಸ್ ಹಳೆಯ ಕುಲಗಳ ಗಂಟು ಬಿಚ್ಚಿದ. ಕರಾವಳಿ, ಪಟ್ಟಣ, ಒಳನಾಡು ಮೂರರ ಜನರನ್ನೂ ಬೆರೆಸಿ ಹತ್ತು ಹೊಸ ಬಣ ಕಟ್ಟಿದ. ಬಣಕ್ಕೆ 50ರಂತೆ 500 ಜನರ ಮಂಡಳಿ ಮಾಡಿದ. ಕ್ರಿ.ಪೂ. 487ರಿಂದ ಆರ್ಕನ್‌ಗಳೂ ಚೀಟಿಯಿಂದಲೇ ಬರತೊಡಗಿದರು. ಹಾಗಾಗಿ ಮಾಜಿ ಆರ್ಕನ್‌ಗಳೇ ತುಂಬಿದ್ದ ಅರಿಯೋಪಗಸ್‌ನ ತೂಕ ತಾನಾಗಿ ಇಳಿಯಿತು. ಕ್ರಿ.ಪೂ. 462ರಲ್ಲಿ ಎಫಿಯಾಲ್ಟೀಸ್ ಅದರ ಅಧಿಕಾರವನ್ನೂ ಕಿತ್ತುಕೊಂಡ. ಪೆರಿಕ್ಲೀಸ್ ನ್ಯಾಯಮಂಡಳಿಯವರಿಗೆ ದಿನಭತ್ಯೆ ಕೊಡಿಸಿದ ಮೇಲೆ ಬಡವನಿಗೂ ಒಂದು ದಿನ ಕೆಲಸ ಬಿಟ್ಟು ಬಂದು ಕೂರುವುದು ಸಾಧ್ಯವಾಯಿತು.

ಗ್ರೀಸಿನದೇ ಇನ್ನೊಂದು ನಗರರಾಜ್ಯವಾದ ಸ್ಪಾರ್ಟಾದ ರೀತಿ ಬೇರೆ. ಅಲ್ಲಿ ಏಕಕಾಲಕ್ಕೆ ಇಬ್ಬರು ರಾಜರು, ವರ್ಷಕ್ಕೆ ಎಫರ್ ಎಂಬ ಐವರು ಮೇಲ್ವಿಚಾರಕ ಅಧಿಕಾರಿಗಳು, ಅರವತ್ತು ದಾಟಿದ 28 ಹಿರಿಯರು. ಹಿರಿಯರ ಆಯ್ಕೆಗೆ ಜನ ಕೂಗುತ್ತಿದ್ದರು. ಪಕ್ಕದ ಕೋಣೆಯಲ್ಲಿ ಕೂತವರು ಮುಖ ನೋಡದೆ ಯಾರಿಗೆ ಕೂಗು ಜೋರು ಎಂದು ಕೇಳಿ ತೀರ್ಮಾನಿಸುತ್ತಿದ್ದರು.

ಚೀಟಿಯಲ್ಲಿ ಬಂದವನು ದಡ್ಡನೋ ಕಳ್ಳನೋ ಆಗಿದ್ದರೆ? ಅಥೆನ್ಸಿನವರೂ ಇದನ್ನು ಯೋಚಿಸಿದ್ದರು. ಹುದ್ದೆಗೆ ಮೊದಲು ವಿಚಾರಣೆ, ಇಳಿದ ಮೇಲೆ ಲೆಕ್ಕ ಒಪ್ಪಿಸುವುದು ಕಡ್ಡಾಯ. ಅವಧಿ ಒಂದೇ ವರ್ಷ. 500 ಜನರ ಮಂಡಳಿಯಲ್ಲಿ ಒಬ್ಬ ಜೀವಮಾನದಲ್ಲಿ ಎರಡು ಸಲಕ್ಕಿಂತ ಹೆಚ್ಚು ಕೂರುವಂತಿಲ್ಲ. ಅದರ ದಿನದ ಅಧ್ಯಕ್ಷನೂ ಚೀಟಿಯಿಂದಲೇ. ಖಜಾನೆಯಿದ್ದ ದೇಗುಲಗಳ ಬೀಗದ ಕೈ, ರಾಜ್ಯದ ಮುದ್ರೆ ಒಂದು ಹಗಲು ಒಂದು ರಾತ್ರಿ ಅವನ ಬಳಿ. ಯುದ್ಧಕ್ಕೆ ಮಾತ್ರ ಅದೃಷ್ಟ ನೆಚ್ಚಲಿಲ್ಲ, ಹತ್ತು ಸೇನಾಪತಿಗಳನ್ನು ಕೈಯೆತ್ತಿ ಆರಿಸುತ್ತಿದ್ದರು.

ಇಷ್ಟೆಲ್ಲ ಸಮಾನತೆ ಯಾರಿಗೆ ಎಂಬ ಪ್ರಶ್ನೆ ಮಾತ್ರ ನನ್ನನ್ನು ಬಿಡುವುದಿಲ್ಲ. ಹೆಂಗಸರು, ಗುಲಾಮರು, ಹೊರಗಿನಿಂದ ಬಂದು ನೆಲೆಸಿದವರು, ಯಾರ ಹೆಸರೂ ಆ ಕಲ್ಲಿನ ಗಂಡಿಗೆ ಇಳಿಯಲಿಲ್ಲ. ಕ್ರಿ.ಪೂ. 451ರ ಕಾನೂನಿನ ಪ್ರಕಾರ ತಂದೆ ತಾಯಿ ಇಬ್ಬರೂ ಅಥೆನ್ಸಿನವರಾಗಿದ್ದರೆ ಮಾತ್ರ ಪೌರತ್ವ.

ಒಳಗಿದ್ದವರೂ ತಪ್ಪಿದರು. ಕ್ರಿ.ಪೂ. 406ರಲ್ಲಿ, ಸಮುದ್ರಕದನ ಗೆದ್ದು ಬಂದ ಸೇನಾಪತಿಗಳನ್ನು ಮುಳುಗುತ್ತಿದ್ದವರನ್ನು ಕಾಪಾಡಲಿಲ್ಲವೆಂದು ಒಟ್ಟಿಗೇ ವಿಚಾರಿಸಿ ಕೊಲ್ಲಲು ಪೌರರ ಸಭೆ ಕೂಗಾಡಿತು. ಬೇರೆಬೇರೆಯಾಗಿ ವಿಚಾರಿಸದೆ ಮತಕ್ಕೆ ಹಾಕುವುದು ಕಾನೂನಿಗೆ ವಿರುದ್ಧ ಎಂದು ಆ ದಿನದ ಮಂಡಳಿಯಲ್ಲಿದ್ದ ಸಾಕ್ರಟೀಸ್ ಒಪ್ಪಲಿಲ್ಲ. ಆದರೂ ಆರು ಮಂದಿಯನ್ನು ಕೊಂದರು. ಏಳು ವರ್ಷದ ನಂತರ ಚೀಟಿಯಿಂದ ಬಂದ ನ್ಯಾಯಮಂಡಳಿಯೇ ಸಾಕ್ರಟೀಸ್‌ನಿಗೂ ಮರಣದಂಡನೆ ವಿಧಿಸಿತು.

ವ್ಯವಸ್ಥೆ ಮುರಿದದ್ದು ಹೊರಗಿನವರ ಕೈಯಲ್ಲಿ. ಕ್ರಿ.ಪೂ. 322ರಲ್ಲಿ ಮ್ಯಾಸಿಡೋನಿಯದ ಸೇನಾನಿ ಆಂಟಿಪೇಟರ್ ಅಥೆನ್ಸನ್ನು ಸೋಲಿಸಿ, 2,000 ಡ್ರಾಕ್ಮಾ ಆಸ್ತಿ ಇಲ್ಲದವರಿಗೆಲ್ಲ ರಾಜಕೀಯ ಹಕ್ಕಿಲ್ಲ ಎಂದು ಸಾರಿದ. ಹಕ್ಕು ಕಳೆದುಕೊಂಡ ಎಷ್ಟೋ ಬಡವರು ಊರನ್ನೇ ಬಿಟ್ಟು ಉತ್ತರದ ಥ್ರೇಸ್ ಪ್ರಾಂತ್ಯದ ಕಡೆಗೆ ಹೊರಟರು.