ಮೈಮೇಲಿನ ಸೆನ್ಸರ್: ಮೇಜಿನಿಂದ ಕಾರ್ಖಾನೆವರೆಗೆ

ಮೈಮೇಲೆ ಹಾಕಿಕೊಳ್ಳುವ ಸೆನ್ಸರ್ ಅಂದ ಕೂಡಲೇ ನಾವೆಲ್ಲ ಚಿಪ್, ಕೋಡ್ ಅಂತ ಶುರು ಮಾಡುತ್ತೇವೆ. ಸ್ಟಾರ್ಟಪ್‌ಗಳನ್ನು ಜಾಸ್ತಿ ಒದ್ದಾಡಿಸುವುದು ಚರ್ಮ ಮತ್ತು ಅಚ್ಚು. ಹೆಜ್ಜೆ, ನಾಡಿ ಅಳೆಯುವ ಸಾಧನ ಮಾಡುವ ಫಿಟ್‌ಬಿಟ್ ಕಂಪನಿಯ ಕತೆ ಇಟ್ಟುಕೊಂಡು ಓದಿದರೆ ಇದು ಬೇಗ ತಲೆಗೆ ಹತ್ತುತ್ತದೆ.

2007ರಲ್ಲಿ ಜೇಮ್ಸ್ ಪಾರ್ಕ್, ಎರಿಕ್ ಫ್ರೀಡ್‌ಮನ್ ಶುರು ಮಾಡಿದಾಗ ಕೈಲಿದ್ದದ್ದು ಮರದ ಡಬ್ಬಿಯೊಳಗೆ ಒಂದು ಸರ್ಕ್ಯೂಟ್ ಬೋರ್ಡ್. ಅದನ್ನೇ ತೋರಿಸಿ ಬಂಡವಾಳ ಎತ್ತಿದರು. 2008ರಲ್ಲೇ ಮುಂಗಡ ಆರ್ಡರ್ ತೆಗೆದುಕೊಂಡರೂ ಮಾಲು ಹೊರಬಿದ್ದದ್ದು 2009ರ ಕೊನೆಗೆ. ಇಬ್ಬರೂ ಸಾಫ್ಟ್‌ವೇರ್‌ನವರು, ಹಾರ್ಡ್‌ವೇರ್ ಹೊಸದು ಅಲ್ವಾ. ಒಮ್ಮೆ ಆಂಟೆನಾ ಕೈಕೊಟ್ಟಾಗ ಬೋರ್ಡ್ ಮೇಲೆ ಫೋಮ್ ಚೂರು ಇಟ್ಟು ಸಂಭಾಳಿಸಿದರಂತೆ!

ಆಂಟೆನಾಗೆ ಮೈ ಅಂದರೆ ಆಗಿಬರುವುದಿಲ್ಲ. ಮೈತುಂಬ ನೀರು, ಅದು ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ರೇಡಿಯೋ ಅಲೆಯನ್ನು ಹೀರುತ್ತದೆ. ಮೇಜಿನ ಮೇಲೆ ಸರಿಯಾಗಿ ಹೊಂದಿಸಿದ್ದು ಮಣಿಕಟ್ಟಿಗೆ ಕಟ್ಟಿದಾಗ ಹದ ತಪ್ಪುತ್ತದೆ.

ನಾಡಿ ಅಳೆಯುವುದೂ ಅದೇ ಗೋಳು. ಹಸಿರು ಎಲ್‌ಇಡಿ ಬೆಳಕು ಚರ್ಮದೊಳಗೆ ಹೋಗಿ, ರಕ್ತ ಸ್ವಲ್ಪ ಹೀರಿಕೊಂಡು, ಉಳಿದದ್ದರಲ್ಲಿ ಒಂದಿಷ್ಟು ವಾಪಸ್ ಬರುತ್ತದೆ. ಹೃದಯ ಬಡಿದಂತೆ ಅದು ಏರಿಳಿಯುತ್ತದೆ, ಆದರೆ ಆ ಏರಿಳಿತ ವಾಪಸ್ ಬಂದ ಬೆಳಕಿನ ಶೇ 1-2ರಷ್ಟು ಇದ್ದರೆ ಹೆಚ್ಚು. ಪಟ್ಟಿ ಸಡಿಲವಿದ್ದು ಕೈ ಬೀಸಿದರೆ ಅಲುಗಾಟವೇ ನಾಡಿಗಿಂತ ದೊಡ್ಡದಾಗಿ ಕಾಣುತ್ತದೆ. ಪಕ್ಕದಲ್ಲಿ ಅಲುಗಾಟ ಅಳೆಯುವ ಆಕ್ಸೆಲೆರೋಮೀಟರ್ ಇಡುವುದು ಸುಮ್ನೆ ಅಲ್ಲ: ಅಲುಗಾಟ ಎಷ್ಟೆಂದು ಗೊತ್ತಾದರೆ ಅದನ್ನು ಕಳೆಯಬಹುದು.

ಇನ್ನು ಅಚ್ಚು. ಪ್ಲಾಸ್ಟಿಕ್ ಕವಚ ಉಕ್ಕಿನ ಅಚ್ಚಿನಿಂದ ಬರುತ್ತದೆ. ಉಕ್ಕನ್ನು ಇನ್ನಷ್ಟು ಕೆತ್ತುವುದು ಸುಲಭ, ಕೆತ್ತಿದ್ದನ್ನು ತುಂಬುವುದು ಕಷ್ಟ. ಹಾಗಾಗಿ ಅನುಮಾನ ಇರುವ ಕಡೆ ಕವಚದ ಗೋಡೆಯನ್ನು ಮೊದಲು ತೆಳ್ಳಗಿಡುತ್ತಾರೆ. ಸಾಲದಿದ್ದರೆ ಅಚ್ಚು ಕೆತ್ತಿದರಾಯಿತು, ಆ ಜಾಗಕ್ಕೂ ಪ್ಲಾಸ್ಟಿಕ್ ತುಂಬಿ ಗೋಡೆ ದಪ್ಪವಾಗುತ್ತದೆ. ನಾನು ಇದನ್ನು ಎರಡು ಸಲ ತಲೆಕೆಳಗಾಗಿ ಬರೆದಿದ್ದೆ, ಹುಷಾರು.

ಆಮೇಲೆ ಇವಿಟಿ (ಎಂಜಿನಿಯರಿಂಗ್ ಪರೀಕ್ಷೆ), ಡಿವಿಟಿ (ವಿನ್ಯಾಸ ಪರೀಕ್ಷೆ), ಪಿವಿಟಿ (ಉತ್ಪಾದನೆ ಪರೀಕ್ಷೆ) ಅಂತ ಮೂರು ಹಂತ ಬರುತ್ತವೆ: ಸರ್ಕ್ಯೂಟ್ ಕೆಲಸ ಮಾಡುತ್ತದಾ, ವಿನ್ಯಾಸ ನೀರು-ಬೆವರು ತಾಳುತ್ತದಾ, ಕಾರ್ಖಾನೆ ಅದನ್ನೇ ಸಾವಿರಗಟ್ಟಲೆ ಮಾಡಿಕೊಡುತ್ತದಾ.

ಎಲ್ಲ ದಾಟಿದರೂ ಚರ್ಮ ಬಿಡುವುದಿಲ್ಲ. 2014ರಲ್ಲಿ ಫಿಟ್‌ಬಿಟ್ ಫೋರ್ಸ್ ಎಂಬ ಕೈಪಟ್ಟಿ ಹಾಕಿಕೊಂಡ ಕೆಲವರ ಮಣಿಕಟ್ಟಿನಲ್ಲಿ ತುರಿಕೆ, ಗುಳ್ಳೆ ಎದ್ದು ಕಂಪನಿ ಮಾಲು ವಾಪಸ್ ಕರೆಸಿಕೊಂಡಿತು. ಸೆನ್ಸರ್ ಚೆನ್ನಾಗಿಯೇ ಇತ್ತು. ಅನುಮಾನ ಹೋದದ್ದು ಸ್ಟೀಲ್‌ನಲ್ಲಿದ್ದ ನಿಕಲ್, ಪಟ್ಟಿಯ ವಸ್ತು, ಜೋಡಿಸಲು ಬಳಸಿದ ಅಂಟಿನ ಮೇಲೆ.