ಬೆನ್ನುಹುರಿಯ ಉರಿಯೂತ: ಜಾಗ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ

ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ 14 ಚುಚ್ಚುಮದ್ದು ಎಂಬುದು ಹಿರಿಯರಿಗೆ ಇನ್ನೂ ನೆನಪಿದೆ. 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ ಆ ರೇಬೀಸ್ ಲಸಿಕೆಯನ್ನು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದರು. ಅದರಲ್ಲಿ ನರಗಳ ಕೊಬ್ಬಿನ ಹೊದಿಕೆಯಾದ ಮೈಲಿನ್ ಇರುತ್ತಿತ್ತು. ಅದರ ವಿರುದ್ಧ ಎದ್ದ ರೋಗನಿರೋಧಕ ಪಡೆ ಕೆಲವರಲ್ಲಿ ಸ್ವಂತ ಬೆನ್ನುಹುರಿಯ ಮೇಲೂ ಎರಗಿ ಕಾಲುಗಳ ಬಲ ಕಸಿಯುತ್ತಿತ್ತು. ಈಗ ತೋಳಿಗೆ ಕೊಡುವ ರೇಬೀಸ್ ಲಸಿಕೆಯಲ್ಲಿ ಮಿದುಳಿನ ಅಂಶವಿಲ್ಲ. ಆ ಹಳೆಯ ಭಯದಿಂದ ಯಾರೂ ಲಸಿಕೆ ತಪ್ಪಿಸಬಾರದು.

ದೇಹ ತನ್ನದೇ ಬೆನ್ನುಹುರಿಯನ್ನು ಸುಡಬಲ್ಲದು ಎಂಬುದು ಹೀಗೆ ಕಣ್ಣಿಗೆ ಬಿತ್ತು. ಉರಿಯೂತ ಹುರಿಗೆ ಅಡ್ಡಲಾಗಿ ಹಬ್ಬುವುದರಿಂದ ಇದನ್ನು ಟ್ರಾನ್ಸ್‌ವರ್ಸ್ ಮೈಲೈಟಿಸ್ ಎಂದರು. ಆದರೆ ಅದು ಜಾಗದ ಹೆಸರು, ಕಾರಣದ್ದಲ್ಲ. ಈ ವ್ಯತ್ಯಾಸ ಮರೆತಾಗಲೆಲ್ಲ ಚಿಕಿತ್ಸೆ ದಾರಿ ತಪ್ಪಿದೆ.

ಫ್ರಾನ್ಸಿನ ಲಿಯೋನ್‌ನಲ್ಲಿ ಯೂಜೀನ್ ದೇವಿಕ್ 1894ರಲ್ಲಿ ಕಣ್ಣಿನ ನರ ಮತ್ತು ಬೆನ್ನುಹುರಿ ಎರಡೂ ಕೆಡುವ ರೋಗವನ್ನು ವಿವರಿಸಿದರು. ಮುಂದೆ ಬಹುಕಾಲ ಅದನ್ನು, ಮಿದುಳು ಮತ್ತು ಬೆನ್ನುಹುರಿಯ ಮೈಲಿನ್ ಕೆಡಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಒಂದು ಬಗೆಯೆಂದೇ ಎಣಿಸಲಾಯಿತು. 2004ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ವಾಂಡಾ ಲೆನನ್ ತಂಡ ಈ ರೋಗಿಗಳ ರಕ್ತದಲ್ಲಿ ವಿಶಿಷ್ಟ ಪ್ರತಿಕಾಯವನ್ನು ಗುರುತಿಸಿತು. ಮರುವರ್ಷ ಅದರ ಗುರಿಯೂ ಸಿಕ್ಕಿತು: ನರಕ್ಕೆ ಆಸರೆಯಾದ ಜೀವಕೋಶಗಳ ನೀರಿನ ದ್ವಾರ, ಅಕ್ವಾಪೋರಿನ್-4. ಇದು ಬರೀ ಹೆಸರಿನ ತಕರಾರಾಗಿರಲಿಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಕೊಡುವ ಇಂಟರ್‌ಫೆರಾನ್ ಬೀಟಾ, ಫಿಂಗೋಲಿಮಾಡ್ ಈ ರೋಗವನ್ನು ಉಲ್ಬಣಿಸಬಲ್ಲವು.

ಬೆನ್ನುಹುರಿಯ ಉರಿಯೂತದ ಲಕ್ಷಣಗಳು ಗಂಟೆಗಳಿಂದ ಮೂರು ವಾರದೊಳಗೆ ತಾರಕಕ್ಕೇರುತ್ತವೆ. ಎರಡೂ ಕಾಲು ಜೋಮು ಹಿಡಿಯುತ್ತವೆ, ಎದೆ ಅಥವಾ ಹೊಟ್ಟೆಯ ಸುತ್ತ ಪಟ್ಟಿ ಬಿಗಿದಂತಾಗುತ್ತದೆ, ಒಂದು ಗೆರೆಯ ಕೆಳಗೆ ಸ್ಪರ್ಶ ಮಂಕಾಗುತ್ತದೆ, ಮೂತ್ರ ಕಟ್ಟುತ್ತದೆ. ಲಕ್ವ ಹೊಡೆದಿದೆ ಎಂದು ಎಣ್ಣೆ ತಿಕ್ಕಿಸುತ್ತ ಕೂತರೆ ಅಮೂಲ್ಯ ದಿನಗಳು ಕಳೆದುಹೋಗುತ್ತವೆ.

ಕಾಲು ಸೋತಿದೆಯೆಂದು ಸೊಂಟದ ಎಂಆರ್‌ಐ ಮಾತ್ರ ಮಾಡಿಸುವುದು ಇನ್ನೊಂದು ತಪ್ಪು. ಬೆನ್ನುಹುರಿ ಸೊಂಟದ ಮೊದಲ ಕಶೇರುಕದ (ಬೆನ್ನೆಲುಬಿನ ಮಣಿ) ಹತ್ತಿರವೇ ಮುಗಿಯುತ್ತದೆ. ರೋಗ ಕುತ್ತಿಗೆಯಲ್ಲೋ ಎದೆಯ ಮಟ್ಟದಲ್ಲೋ ಇರಬಹುದು. ಇಡೀ ಬೆನ್ನಿನ ಎಂಆರ್‌ಐ ಬೇಕು, ಮಿದುಳಿನದೂ ಸೇರಿದರೆ ಒಳ್ಳೆಯದು. ಗಡ್ಡೆಯೋ ಜಾರಿದ ಡಿಸ್ಕೋ ಹುರಿಯನ್ನು ಒತ್ತುತ್ತಿದ್ದರೆ ಅದಕ್ಕೆ ಶಸ್ತ್ರಚಿಕಿತ್ಸೆಯ ತುರ್ತಿರುತ್ತದೆ, ಆದ್ದರಿಂದ ಅದನ್ನು ಮೊದಲು ತಳ್ಳಿಹಾಕಬೇಕು. ಊತ ಮೂರು ಅಥವಾ ಹೆಚ್ಚು ಕಶೇರುಕಗಳಷ್ಟು ಉದ್ದವಿದ್ದರೆ ದೇವಿಕ್ ವಿವರಿಸಿದ ಅಕ್ವಾಪೋರಿನ್ ರೋಗದ ಶಂಕೆ ಬಲವಾಗುತ್ತದೆ.

ಸೋಂಕಿನ ಸುಳಿವಿಲ್ಲದಿದ್ದರೆ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ದಿನಕ್ಕೆ 1 ಗ್ರಾಂ ರಕ್ತನಾಳದ ಮೂಲಕ, ಸಾಮಾನ್ಯವಾಗಿ 3ರಿಂದ 5 ದಿನ. ಸಕ್ಕರೆ, ರಕ್ತದೊತ್ತಡ, ಪೊಟ್ಯಾಸಿಯಂ ನಿತ್ಯ ನೋಡಬೇಕು. ಬಲ ಮರಳದಿದ್ದರೆ ಪ್ಲಾಸ್ಮಾ (ರಕ್ತದ ದ್ರವಭಾಗ) ಬದಲಾವಣೆ, ದಿನ ಬಿಟ್ಟು ದಿನ 5ರಿಂದ 7 ಬಾರಿ. ಪ್ರತಿಕಾಯ ಪರೀಕ್ಷೆಗೆ ರಕ್ತವನ್ನು ಅದಕ್ಕೆ ಮೊದಲೇ ತೆಗೆದಿಡಬೇಕು, ಏಕೆಂದರೆ ಪ್ಲಾಸ್ಮಾದೊಂದಿಗೆ ಪ್ರತಿಕಾಯವೂ ಹೊರಹೋಗುತ್ತದೆ. ಆದರೆ ಆ ವರದಿಗಾಗಿ ಕಾದು ಸ್ಟೀರಾಯ್ಡ್ ತಡಮಾಡಬಾರದು.

ಪ್ರತಿಕಾಯ ಇದ್ದರೆ ರೋಗ ಮರುಕಳಿಸುವ ಸಂಭವ ಹೆಚ್ಚು, ಒಂದೊಂದು ದಾಳಿಯೂ ಶಾಶ್ವತ ಗಾಯ ಬಿಡಬಹುದು. ಅದನ್ನು ತಡೆಯಲು ನಮ್ಮಲ್ಲಿ ರಿಟುಕ್ಸಿಮ್ಯಾಬ್ ಎಂಬ ಔಷಧದ ಬಳಕೆ ಹೆಚ್ಚು. ಕೊಡುವ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಕಡ್ಡಾಯ. 2019ರಲ್ಲಿ ಅಮೆರಿಕದಲ್ಲಿ ಈ ರೋಗಕ್ಕೆ ಒಪ್ಪಿಗೆ ಪಡೆದ ಮೊದಲ ಔಷಧ ಎಕುಲಿಜುಮ್ಯಾಬ್ ಬಹಳ ದುಬಾರಿ.

ಮೂತ್ರಕೋಶದ ಆರೈಕೆಯೂ ಔಷಧದಷ್ಟೇ ಮುಖ್ಯ. ತುಂಬಿದ್ದು ರೋಗಿಗೆ ಗೊತ್ತಾಗದೆ ಇರಬಹುದು. ಆಗ 4ರಿಂದ 6 ಗಂಟೆಗೊಮ್ಮೆ ಶುಚಿ ಕೊಳವೆಯಿಂದ ಖಾಲಿ ಮಾಡಬೇಕು, ಪ್ರತಿ ಬಾರಿ ಬರುವ ಮೂತ್ರ 500 ಮಿಲಿ ದಾಟದಂತೆ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಕಾಲಿಗೆ ಬಲ ಬರುವ ಹೊತ್ತಿಗೆ ಮೂತ್ರಪಿಂಡ ಸೋತಿರಬಹುದು.